‘ಬೆಟ್ಟೆ’ಯ ಒತ್ತಕ್ಷರ ಉಳಿಸಿದವರಿಗೆ

ನಾನು ಬರೆದ ಕೋಡ್ ಮೊದಲ ಬಾರಿಗೆ ಒಂದು ಮುಕ್ತ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಸೇರಿ ಹೊರಬಂದಿದೆ. ಕೊಡುಗೆದಾರರ ಪಟ್ಟಿಯಲ್ಲಿ ಈ ಕಡೆಯಿಂದ ಇರುವುದು ನನ್ನೊಬ್ಬನ ಹೆಸರು. ಅದರಲ್ಲಿ ಇಲ್ಲದವರಿಗಾಗಿ ಈ ಬರಹ.

ಮೊದಲ ನಮಸ್ಕಾರ ನಮ್ಮೂರ ಸೊಸೈಟಿಯ ಗುಮಾಸ್ತರಿಗೆ. ಹೊಸನಗರ ತಾಲ್ಲೂಕಿನ ನಮ್ಮ ಕಡೆ ಅಡಿಕೆಯ ಲೆಕ್ಕವನ್ನು ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ದರ್ಜೆಗಳಾಗಿ ಬೇರೆ ಬೇರೆ ಸಾಲಿನಲ್ಲಿ ಬರೆಯುತ್ತಾರೆ. ಕಂಪ್ಯೂಟರಿನಲ್ಲಿ ಈ ತಂತ್ರಾಂಶದಿಂದ ಚೀಟಿ ಮುದ್ರಿಸಿದರೆ ‘ಬೆಟ್ಟೆ’ಯ ಒತ್ತಕ್ಷರ ಮಾತ್ರ ಕೆಳಗಿನ ಗೆರೆಗೆ ಸಿಕ್ಕಿ ಅರ್ಧ ಮಾಯವಾಗುತ್ತಿತ್ತು. ಬೇರೆಯವರಾಗಿದ್ದರೆ ‘ಇದರಲ್ಲಿ ಕನ್ನಡ ಸರಿ ಬರುವುದಿಲ್ಲ’ ಎಂದು ಕೈತೊಳೆದುಕೊಳ್ಳುತ್ತಿದ್ದರು. ಇವರು ಯಾವ ಫಾಂಟ್, ಎಷ್ಟು ಗಾತ್ರ, ಪರದೆಯ ಮೇಲೆ ಹೇಗಿದೆ, ಕಾಗದದ ಮೇಲೆ ಹೇಗಿದೆ ಎಂಬುದನ್ನೆಲ್ಲ ಹಳೆಯ ರಸೀದಿಯೊಂದರ ಹಿಂಬದಿಯಲ್ಲಿ ಬರೆದುಕೊಟ್ಟರು. ಕೆಲಸ ಅಲ್ಲಿಗೇ ಮುಕ್ಕಾಲು ಮುಗಿದಿತ್ತು. ಅಕ್ಷರ, ಒತ್ತಕ್ಷರಗಳನ್ನು ಜೋಡಿಸಿಕೊಡುವ ಹಾರ್ಫ್‌ಬಜ್ ಎಂಬ ತಂತ್ರಾಂಶ ತನ್ನ ಪಾಲನ್ನು ಸರಿಯಾಗಿಯೇ ಮಾಡಿತ್ತು. ಸಾಲಿನ ಎತ್ತರ ಅಳೆಯುವ ಕೋಡ್ ಮಾತ್ರ ಇಂಗ್ಲಿಷ್ ಫಾಂಟಿನ ಅಳತೆಯನ್ನೇ ಹಿಡಿದು ಕುಳಿತಿತ್ತು. ನಾನು ತಿದ್ದಿದ್ದು ಬೆರಳೆಣಿಕೆಯ ಸಾಲುಗಳನ್ನು. ಮೊನ್ನೆ ಹೊಸ ಆವೃತ್ತಿ ಹಾಕಿ ಚೀಟಿ ತೆಗೆದಾಗ ಬೆಟ್ಟೆ ಪೂರ್ತಿಯಾಗಿ ಬಂತು. ಗುಮಾಸ್ತರು ಕನ್ನಡಕ ಏರಿಸಿ ನೋಡಿ, ‘ಇನ್ನು ಶಾಯಿ ಸ್ವಲ್ಪ ದಟ್ಟ ಬಂದರೆ ಸಾಕು’ ಎಂದರು. ಅದು ಪ್ರಿಂಟರಿನ ಸಮಸ್ಯೆ ಸ್ವಾಮಿ, ನನ್ನದಲ್ಲ.

ನನ್ನ ಬದಲಾವಣೆಯನ್ನು ಪರಿಶೀಲಿಸಿದವರು ಯಾವ ದೇಶದವರೋ ತಿಳಿಯದು, ಕನ್ನಡವಂತೂ ಅವರಿಗೆ ಬಾರದು. ಆದರೂ ‘ತೆಲುಗಿನಲ್ಲೂ ಹೀಗೆಯೇ ಆಗಬೇಕಲ್ಲವೇ?’ ಎಂದು ಕೇಳಿದವರು ಅವರೇ. ನೋಡಿದರೆ ಅಲ್ಲಿಯೂ ಆಗುತ್ತಿತ್ತು! ಮುಂದೆ ಯಾರೋ ಬೇರೇನನ್ನೋ ತಿದ್ದುವಾಗ ಇದು ಮತ್ತೆ ಕೆಡದಂತೆ ಎರಡೂ ಲಿಪಿಗಳಿಗೆ ಪರೀಕ್ಷೆ ಬರೆಸಿದರು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟು ತಾಳ್ಮೆ ಎಲ್ಲಿಂದ ಬರುತ್ತದೆಯೋ!

ಇದೆಲ್ಲ ನಡೆದದ್ದು ಮಳೆಗಾಲದಲ್ಲಿ. ಮರ ಬಿದ್ದರೆ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆಯೇ ನೆಟ್‌ವರ್ಕ್. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಕೆಲಸಕ್ಕಾಗಿ, ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್ ಬರೆದಾಗ ಮಲೆನಾಡಿನ ಜೂನ್ ತಿಂಗಳು ಅವರ ಮನಸ್ಸಿನಲ್ಲಿ ಖಂಡಿತ ಇರಲಿಲ್ಲ. ಆದರೆ ಕೋಡಿನ ಇತಿಹಾಸವೆಲ್ಲ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಸಾಗಿತು. ಬಂದ ಹೊತ್ತಿಗೆ ಕಳುಹಿಸಿದರಾಯಿತು. ಬ್ಯಾಟರಿಗೆ ಮಾತ್ರ ಅಂಥ ಉಪಾಯವಿಲ್ಲ. ಸುರಿಯುವ ಮಳೆಯಲ್ಲಿ ಕಂಬ ಹತ್ತಿ ತಂತಿ ಬಿಗಿದ ಲೈನ್‌ಮನ್‌ಗಳಿಗೂ, ರಾತ್ರಿ ಹೊತ್ತಿನಲ್ಲಿ ಇನ್ವರ್ಟರ್ ಬಿಟ್ಟುಕೊಟ್ಟ ಪಕ್ಕದ ಮನೆಯ ಚಿಕ್ಕಮ್ಮನಿಗೂ ನಾನು ಋಣಿ.

ಇನ್ನು ಅಣ್ಣ, ಅತ್ತಿಗೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ, ಸುಣ್ಣ ಮತ್ತು ಮೈಲುತುತ್ತ ಕದಡಲು ಒಬ್ಬ ಆಳು ಕಡಿಮೆಯಿದ್ದಾಗಲೂ, ಮಹಡಿಯ ಮೇಲೆ ಕುಳಿತ ನನ್ನನ್ನು ಇವರು ಕರೆಯಲಿಲ್ಲ. ಅಣ್ಣ, ಈ ಬಾರಿಯ ಕೊನೆಕೊಯ್ಲಿಗೆ ಖಂಡಿತ ಬರುತ್ತೇನೆ. ಹೊರುತ್ತೇನೆ, ಸುಲಿಯುತ್ತೇನೆ, ಮರ ಹತ್ತಲು ಮಾತ್ರ ಹೇಳಬೇಡ.