ಮೊಯಾಮೊಯಾ: ರಕ್ತ ಸೋರುವುದು ಎಲ್ಲಿಂದ?

ಮೊಯಾಮೊಯಾ ಅಂದರೆ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವ ಕಾಯಿಲೆ. ಕಟ್ಟಿಕೊಳ್ಳುವ ಕಾಯಿಲೆಯಲ್ಲಿ ರಕ್ತಸ್ರಾವ ಯಾಕೆ ಅಂತ ನಿನ್ನೆ ಕೇಳಿದಿರಲ್ಲ, ಒಳ್ಳೇ ಪ್ರಶ್ನೆ. ಕತ್ತಿನಿಂದ ಮೆದುಳಿಗೆ ಹೋಗುವ ದೊಡ್ಡ ನಾಳದ ತುದಿಯಲ್ಲಿ ಒಳಪದರ ದಪ್ಪವಾಗುತ್ತಾ ದಾರಿ ಕಿರಿದಾಗುತ್ತದೆ. ಆ ಕೊರತೆ ತುಂಬಲು ಮೆದುಳಿನ ಬುಡದಲ್ಲಿರುವ ಕೂದಲೆಳೆಯಂಥ ನಾಳಗಳು ಹಿಗ್ಗಿ, ತಮ್ಮ ಶಕ್ತಿ ಮೀರಿ ರಕ್ತ ಹೊರುತ್ತವೆ. ಆಂಜಿಯೋಗ್ರಾಮ್‌ನಲ್ಲಿ (ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಇವು ಹೊಗೆಯಂತೆ ಕಾಣುತ್ತವೆ, 1969ರಲ್ಲಿ ಜಪಾನಿನ ವೈದ್ಯರು ಮೊಯಾಮೊಯಾ (ಅವರ ಭಾಷೆಯಲ್ಲಿ ಹೊಗೆಯಂತೆ ಮಸುಕು) ಅಂತ ಹೆಸರಿಟ್ಟದ್ದೂ ಅದಕ್ಕೇ. ಎಡವಟ್ಟು ಆಗುವುದು ಇಲ್ಲೇ. ಒತ್ತಡ ತಡೆಯಲಾರದೆ ಇವುಗಳ ಗೋಡೆಯ ಸ್ನಾಯುಪದರ ತೆಳುವಾಗಿ, ಎಳೆದರೆ ಹಿಗ್ಗುವ ಪದರ ಅಲ್ಲಲ್ಲಿ ತುಂಡಾಗಿ, ಕೆಲವು ಕಡೆ ಸಣ್ಣ ಗುಳ್ಳೆಯಂತೆ ಉಬ್ಬಿ ಒಡೆಯುತ್ತದೆ. ಮಕ್ಕಳಿಗಿಂತ ದೊಡ್ಡವರಲ್ಲೇ ಈ ರಕ್ತಸ್ರಾವ ಜಾಸ್ತಿ. ಹಠಾತ್ತನೆ ಜೋರು ತಲೆನೋವು, ವಾಂತಿ ಬಂದರೆ ನಮ್ಮ ಈ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.