ಕ್ಯಾರವಾನ್ ಶೆಡ್ಡಿಗೆ ಹಾಕುವ ಮುಂಚೆ ಅದರ ಅಡಿ ನೋಡಿ

ಮಾನ್ಯ ಸಂಪಾದಕರೇ,

ಮೇ ತಿಂಗಳು ಮುಗಿಯುತ್ತಾ ಬಂತು. ನಮ್ಮ ಮೂಡಿಗೆರೆ ಕಡೆ ಒಮ್ಮೆ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವ ಮಾತಿಲ್ಲ. ಹೊರದೇಶದವರು ಚಳಿಗಾಲಕ್ಕೆ ಕ್ಯಾರವಾನ್ ಒಳಗಿಡುತ್ತಾರೆ, ನಾವು ಮಳೆಗಾಲಕ್ಕೆ ಇಡುತ್ತೇವೆ. ಇಲಿಗೆ ಎರಡೂ ಒಂದೇ. ಬೆಚ್ಚಗಿರಬೇಕು, ಯಾರೂ ಓಡಾಡಬಾರದು, ಅಷ್ಟಿದ್ದರೆ ಬಂದು ಸಂಸಾರ ಹೂಡುತ್ತದೆ. ಹಾಗಾಗಿ ಶೆಡ್ಡಿಗೆ ಬೀಗ ಹಾಕುವ ಮುಂಚೆ ಒಂದು ಸಲ ಗಾಡಿಯ ಅಡಿಗೆ ನುಸುಳಿ ನೋಡಿ ಅಂತ ಹೇಳೋಕೆ ಈ ಪತ್ರ.

ನಮ್ಮದು ಸಣ್ಣ ಹೋಂಸ್ಟೇ. ಮೂರು ವರ್ಷದ ಹಿಂದೆ ಒಂದು ಹಳೇ ಟೆಂಪೋ ಟ್ರಾವೆಲರ್ ಕೊಂಡು, ಎರಡು ಮಂಚ, ಸಿಂಕು, ಗ್ಯಾಸ್ ಒಲೆ, ಚಿಕ್ಕ ಫ್ರಿಜ್ಜು ಎಲ್ಲ ಕೂರಿಸಿ ಕ್ಯಾರವಾನ್ ಮಾಡಿಸಿದೆವು. ಬಂದವರು ಅದರಲ್ಲೇ ಬೇಲೂರು, ಹಳೇಬೀಡು ನೋಡಿಕೊಂಡು ಬರಲಿ ಅಂತ. ಮೊದಲನೇ ಮಳೆಗಾಲಕ್ಕೆ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿ, ಬಾಗಿಲು ಕಿಟಕಿ ಭದ್ರ ಮಾಡಿ, ನಾಲ್ಕು ನುಸಿಗುಳಿಗೆ ಎಸೆದು ಬಂದೆವು. ದಸರಾ ರಜೆಗೆ ಯಾರೋ ಬುಕ್ ಮಾಡಿದರು ಅಂತ ಅಕ್ಟೋಬರ್‌ನಲ್ಲಿ ಬಾಗಿಲು ತೆಗೆದರೆ ವಾಸನೆ ಮೂಗಿಗೆ ಹೊಡೆಯಿತು.

ಸಿಂಕಿನ ಕೆಳಗಿನ ಡ್ರಾಯರ್‌ಗೆ ಪೇಪರ್ ಹಾಸಿದ್ದೆ. ನಿಮ್ಮದೇ ಪತ್ರಿಕೆ, ಭಾನುವಾರದ ಪುರವಣಿ. ಅದನ್ನು ಶಾವಿಗೆಯ ಹಾಗೆ ಎಳೆ ಎಳೆ ಮಾಡಿ, ಹಾಸಿಗೆಯ ಫೋಮ್ ಕಿತ್ತು ತಂದು ಅದರ ಜೊತೆ ಕಲಸಿ, ತೆಂಗಿನಕಾಯಿ ಗಾತ್ರದ ಗೂಡು ಕಟ್ಟಿತ್ತು. ನಡುವೆ ಐದು ಮರಿ. ಇನ್ನೂ ಕೂದಲು ಬಂದಿರಲಿಲ್ಲ, ಕಣ್ಣು ಬಿಟ್ಟಿರಲಿಲ್ಲ, ಗುಲಾಬಿ ಬಣ್ಣ. ಅದರ ಪಕ್ಕದಲ್ಲೇ ನಾನು ಹಾಕಿದ್ದ ನುಸಿಗುಳಿಗೆ, ಅದರ ಸುತ್ತಲೂ ಹಿಕ್ಕೆ! ನೀರಿನ ಪಂಪಿನ ವೈರು ತಾಮ್ರ ಕಾಣುವ ಹಾಗೆ ಕಡಿದಿತ್ತು, ಎರಡು ದೀಪ ಹೋಗಿದ್ದವು. ಎಲೆಕ್ಟ್ರಿಷಿಯನ್‌ಗೆ 14 ಸಾವಿರ ಕೊಟ್ಟೆವು. ಇನ್ಶೂರೆನ್ಸ್‌ನವರು ಇಲಿ ಕಡಿದದ್ದು ನಮ್ಮ ಲೆಕ್ಕಕ್ಕೆ ಬರಲ್ಲ ಅಂದುಬಿಟ್ಟರು.

ಇಲಿಗೆ ಹಲ್ಲು ಬೆಳೆಯುವುದು ನಿಲ್ಲುವುದೇ ಇಲ್ಲ, ಕಡಿಯುತ್ತಲೇ ಇರಬೇಕು, ಹಸಿವಿಲ್ಲದಿದ್ದರೂ ಕಡಿಯುತ್ತದೆ. ಬಸಿರಾದ ಮೂರು ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಎರಡು ತಿಂಗಳಾಗುವಷ್ಟರಲ್ಲಿ ತಾವೇ ಮರಿ ಹಾಕಲು ತಯಾರು. ಜೂನ್‌ನಲ್ಲಿ ಬಸುರಿ ಇಲಿ ಒಂದೇ ಒಂದು ಒಳಗೆ ಹೋದರೆ ಅಕ್ಟೋಬರ್ ಹೊತ್ತಿಗೆ ಎಷ್ಟಾಗಬಹುದು, ನೀವೇ ಲೆಕ್ಕ ಹಾಕಿ.

ಊರಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ, ಪಾಷಾಣ ಇಡಿ. ನಾನು ಇಡಲ್ಲ. ಪಾಷಾಣ ತಿಂದ ಇಲಿ ನಮಗೆ ಅನುಕೂಲವಾಗಲಿ ಅಂತ ಹೊರಗೆ ಹೋಗಿ ಸಾಯುವುದಿಲ್ಲ. ಪ್ಲೈವುಡ್ ಗೋಡೆಯ ಸಂದಿನಲ್ಲಿ ಸಾಯುತ್ತದೆ, ಆಮೇಲೆ ಆ ವಾಸನೆಗೆ ಗೋಡೆಯನ್ನೇ ಬಿಚ್ಚಬೇಕು. ಬೆಕ್ಕು, ಗೂಬೆ ಅದನ್ನು ತಿಂದರೆ ಅವಕ್ಕೂ ವಿಷ. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟಂತೂ ಮನುಷ್ಯರ ಹೊಟ್ಟೆಗೆ ಹೋದರೆ ಅದನ್ನು ಇಳಿಸುವ ಔಷಧಿಯೇ ಇಲ್ಲ. ಮಕ್ಕಳು ಮಲಗುವ ಗಾಡಿಯಲ್ಲಿ ಅದನ್ನು ಇಡೋದಾ? ಪ್ಲಗ್ಗಿಗೆ ಹಾಕಿದರೆ ಕಿವಿಗೆ ಕೇಳದ ಶಬ್ದ ಮಾಡಿ ಇಲಿ ಓಡಿಸುತ್ತದೆ ಅನ್ನುವ ಯಂತ್ರವನ್ನೂ ತರಿಸಿ ಮನೆಯಲ್ಲಿ ನೋಡಿದೆ. ನಾಲ್ಕು ದಿನ ಸುಮ್ನಿದ್ದವು, ಐದನೇ ದಿನ ಅದರ ಪಕ್ಕದಲ್ಲೇ ಓಡಾಡುತ್ತಿದ್ದವು.

ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಟಾರ್ಚು. ರಾತ್ರಿ ಊಟ ಆದಮೇಲೆ ಶೆಡ್ಡಿನ ದೀಪ ಆರಿಸಿ, ಗಾಡಿಯ ಕಿಟಕಿಗೆಲ್ಲ ಪರದೆ ಎಳೆದು, ನಾನು ಒಳಗೆ ಕೂತು ಸಿಂಕಿನ ಕೆಳಗೆ, ಮಂಚದ ಪೆಟ್ಟಿಗೆಯೊಳಗೆ, ಫ್ರಿಜ್ಜಿನ ಹಿಂದೆ ಬೆಳಕು ಬಿಡುತ್ತಾ ಹೋದೆ. ನಮ್ಮ ಯಜಮಾನರು ಗೋಣಿಚೀಲ ಹಾಸಿಕೊಂಡು ಗಾಡಿ ಅಡಿಯಲ್ಲಿ ಅಂಗಾತ ಮಲಗಿದ್ದರು. ಬೆಳಕು ಕಂಡ ಕಡೆಯೆಲ್ಲ ಚಾಕ್‌ಪೀಸಿನಲ್ಲಿ ಗುರುತು ಹಾಕಬೇಕು. "ಇಲ್ಲೊಂದು ಕಣೇ", "ಇಲ್ಲೊಂದು", "ಅಯ್ಯೋ ಇಲ್ಲಿ ಕೈಯೇ ತೂರುತ್ತೆ" ಅಂತ ಕೆಳಗಿನಿಂದ ದನಿ ಬರುತ್ತಲೇ ಇತ್ತು. ಒಟ್ಟು 11 ತೂತು. ಅಲ್ಲಿಯ ತನಕ ನಾವು ಬಾಗಿಲಿನ ರಬ್ಬರ್ ಬೀಡಿಂಗನ್ನೇ ಅನುಮಾನಿಸುತ್ತಿದ್ದೆವು, ಅದು ಸರಿಯಾಗಿಯೇ ಇತ್ತು. ದಾರಿ ಇದ್ದದ್ದು ನೆಲದಲ್ಲಿ, ನೀರಿನ ಪೈಪು ಮತ್ತು ವೈರು ಇಳಿಯುವ ಕಡೆ.

ಪೆನ್ಸಿಲ್ ತೂರಿದರೆ ಇಲಿಮರಿಯೂ ತೂರುತ್ತದೆ ಅಂತಲೇ ತಿಳಿಯಿರಿ. 6 ಮಿಲಿಮೀಟರ್ ಸಂದು ಸಾಕು. ಸಂದು ಮುಚ್ಚಲು ಡಬ್ಬಿಯಿಂದ ಹೊಡೆಯುವ ಫೋಮ್ ಒಂದನ್ನೇ ತುಂಬಿದರೆ ಅದನ್ನು ಕಡಿದು ಗೂಡಿಗೆ ಸಾಗಿಸುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ಸ್ಕ್ರಬ್ಬರ್ ಬಿಡಿಸಿ, ಸ್ಕ್ರೂಡ್ರೈವರ್‌ನಲ್ಲಿ ಗಿಡಿದು ಗಿಡಿದು ತುಂಬಿ, ಮೇಲೆ ಸಿಲಿಕಾನ್ ಬಳಿದೆವು. ತುಕ್ಕು ಹಿಡಿಯದ ಸ್ಟೀಲೇ ಆಗಬೇಕು, ಕಬ್ಬಿಣದ ನಾರು ನಮ್ಮ ಮಳೆಗೆ ಒಂದೇ ವರ್ಷದಲ್ಲಿ ಪುಡಿಪುಡಿ. ದೊಡ್ಡ ತೂತಿಗೆ ತಗಡು ಕತ್ತರಿಸಿ ಸ್ಕ್ರೂ ಹೊಡೆದೆವು.

ಆದರೆ ಒಂದು ತೂತು ಮುಚ್ಚಲೇಬಾರದು. ಈ ಪತ್ರ ಬರೆಯಲು ಮುಖ್ಯ ಕಾರಣವೂ ಅದೇ. ಗ್ಯಾಸ್ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಬೇಕೆಂದೇ ಕಿಂಡಿ ಬಿಟ್ಟಿರುತ್ತಾರೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹೋಗುವುದಿಲ್ಲ, ಕೆಳಗೆ ಕೂರುತ್ತದೆ, ಆ ಕಿಂಡಿಯಿಂದ ಹೊರಗೆ ಹೋಗಬೇಕು. ನಮ್ಮ ಗಾಡಿಯ ವೈರು ಸರಿ ಮಾಡಲು ಬಂದ ಹುಡುಗ ಇಲಿ ಬರುತ್ತೆ ಅಂದದ್ದೇ ತಡ, ಒಳ್ಳೆಯ ಮನಸ್ಸಿನಿಂದಲೇ, ಆ ಕಿಂಡಿಗೂ ಫೋಮ್ ಹೊಡೆದು ಹೋಗಿದ್ದ. ಆ ಟಾರ್ಚಿನ ರಾತ್ರಿ ಅಲ್ಲಿ ಬೆಳಕು ಕಾಣದೇ ಇದ್ದದ್ದರಿಂದ ನಮಗೆ ಗೊತ್ತಾಯಿತು. ಇಲಿಗೆ ಹೆದರಿ ಮನೆ ಸುಟ್ಟ ಹಾಗೆ ಅಂತಾರಲ್ಲ, ನಾವು ನಿಜವಾಗಲೂ ಹಾಗೇ ಮಾಡಿಕೊಳ್ಳುತ್ತಿದ್ದೆವು. ಫೋಮ್ ಕಿತ್ತು, 6 ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದೆವು. ಗಾಳಿ ಆಡುತ್ತದೆ, ಇಲಿ ನುಗ್ಗುವುದಿಲ್ಲ. ಫ್ರಿಜ್ಜಿನ ಹಿಂದಿನ ಗಾಳಿಕಿಂಡಿಗೂ ಜಾಲರಿಯೇ. ಗಾಡಿ ನಿಲ್ಲಿಸುವಾಗ ಸಿಲಿಂಡರನ್ನು ಹೇಗೂ ಇಳಿಸಿಬಿಡುತ್ತೇವೆ.

ಇನ್ನು ಒಳಗೆ ತಿನ್ನುವ ವಸ್ತು ಒಂದೂ ಇಡಬೇಡಿ. ಅಕ್ಕಿ, ಬೇಳೆ ಎಲ್ಲರಿಗೂ ನೆನಪಾಗುತ್ತದೆ. ಮರೆಯುವುದು ಸೀಟಿನ ಸಂದಿಯಲ್ಲಿ ಉದುರಿದ ಚಕ್ಕುಲಿ ಚೂರು, ಸಿಂಕಿನ ಪಕ್ಕದ ಸೋಪು, ಕರೆಂಟು ಹೋದಾಗ ಬೇಕು ಅಂತ ಇಟ್ಟ ಮೇಣದ ಬತ್ತಿ. ಹಾಸಿಗೆ, ದಿಂಬು ಮನೆಗೆ ತನ್ನಿ. ಶೆಡ್ಡಿನಲ್ಲಿ ಗಾಡಿ ಪಕ್ಕವೇ ಸೌದೆ ರಾಶಿ, ಹಿಂಡಿ ಮೂಟೆ ಇದ್ದರೆ ಮೊದಲು ಅದನ್ನು ಎತ್ತಿಡಿ. ಇಲಿ ಹುಡುಕಿಕೊಂಡು ಹಾವೂ ಬರುತ್ತದೆ, ನಮ್ಮ ಶೆಡ್ಡಿನಲ್ಲಿ ಕೇರೆಹಾವು ಇತ್ತು. ಅದು ಪಾಪದ್ದು, ಇದ್ದರೆ ಒಳ್ಳೆಯದೇ, ಆದರೆ ನಾಗರವೂ ಅದೇ ದಾರಿಯಲ್ಲಿ ಬರಬಹುದು ಅಲ್ವಾ.

ಗಾಡಿ ಒಳಗೊಂದು, ಶೆಡ್ಡಿನ ಗೋಡೆ ಬದಿಗೊಂದು ಬೋನು ಇಡುತ್ತೇವೆ. ಇಲಿ ನಡುಮನೆಯಲ್ಲಿ ಓಡಾಡುವುದಿಲ್ಲ, ಗೋಡೆ ಹಿಡಿದೇ ಹೋಗುತ್ತದೆ. ಸುಟ್ಟ ಕೊಬ್ಬರಿಯ ವಾಸನೆಗೆ ಬೀಳುತ್ತದೆ. ಬೋನು ಇಟ್ಟು ಮರೆಯಬಾರದು, ದಿನಾ ನೋಡಬೇಕು.

ಈಗಾಗಲೇ ಹಿಕ್ಕೆ ಬಿದ್ದಿದ್ದರೆ ದಯವಿಟ್ಟು ಪೊರಕೆ ಹಿಡಿಯಬೇಡಿ. ನಾನು ಮೊದಲು ಅದನ್ನೇ ಮಾಡಿದ್ದು, ಧೂಳೆಲ್ಲ ಮುಖಕ್ಕೆ ಬಂತು. ಇಲಿಯ ಉಚ್ಚೆಯಿಂದ ಇಲಿಜ್ವರ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ, ಕೈಕಾಲಲ್ಲಿ ಸಣ್ಣ ಗಾಯವಿದ್ದರೂ ಒಳಗೆ ಹೋಗುತ್ತದೆ. ಬಾಗಿಲು ತೆಗೆದು ಅರ್ಧ ಗಂಟೆ ಗಾಳಿಗೆ ಬಿಡಿ. ಗ್ಲೌಸು, ಮಾಸ್ಕು ಹಾಕಿ, ಬ್ಲೀಚಿಂಗ್ ನೀರು ಚಿಮುಕಿಸಿ ಐದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಪೇಪರಿನಲ್ಲಿ ಒರೆಸಿ ಎಸೆಯಿರಿ.

ಗಾಡಿ ಮಾಡಿಕೊಟ್ಟವರಿಗೆ ಫೋನ್ ಮಾಡಿ, ಅರ್ಧ ಇಂಚಿನ ಪೈಪಿಗೆ ಎರಡು ಇಂಚಿನ ತೂತು ಯಾಕೆ ಕೊರೆದಿರಿ ಅಂತ ಕೇಳಿದೆ. "ಎಲ್ಲರಿಗೂ ಹಾಗೇ ಮಾಡೋದು ಮೇಡಂ, ಕೈ ಹೋಗಬೇಕಲ್ಲ" ಅಂದರು. ಕೈ ಹೋಗಲಿ, ಬೇಡ ಅನ್ನಲ್ಲ. ಕೈ ಆಚೆ ತೆಗೆದಮೇಲೆ ಒಂದು ತಗಡು ಹೊಡೆದರೆ ಏನು ಹೋಗುತ್ತದೆ? ಈ ಕೆಲಸ ಮಾಡುವವರು ನಮ್ಮ ಜಿಲ್ಲೆಯಲ್ಲೂ, ಹಾಸನದಲ್ಲೂ ಇದ್ದಾರೆ, ಅವರು ಇದನ್ನು ಓದಲಿ. ಗಾಡಿ ಮಾಡಿಸುವವರು ಪೂರ್ತಿ ಹಣ ಕೊಡುವ ಮುಂಚೆ ಒಂದು ರಾತ್ರಿ ಟಾರ್ಚು ತೆಗೆದುಕೊಂಡು ಹೋಗಲಿ.

ಹೋದ ಮಳೆಗಾಲದಲ್ಲಿ ನಮಗೆ ಸಿಕ್ಕಿದ್ದು ಮೂರು ಇಲಿ, ಮೂರೂ ಶೆಡ್ಡಿನ ಬೋನಿಗೆ. ಗಾಡಿ ಒಳಗಿನದ್ದು ಖಾಲಿ. ಡ್ರಾಯರ್‌ಗೆ ಈಗ ನಿಮ್ಮ ಪತ್ರಿಕೆ ಹಾಸುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

– ಒಬ್ಬ ಓದುಗಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ