ಕಾರಿನ ರಬ್ಬರ್ ಬೂಟನ್ನೂ ನೋಡಿಸಿ

ಮಾನ್ಯರೇ,

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ವೈಪರ್, ಟೈರ್, ಬ್ರೇಕ್ ನೋಡಿಸಿಕೊಳ್ಳಿ ಎಂಬ ಸಲಹೆ ಬರುತ್ತದೆ. ಒಳ್ಳೆಯದೇ. ಆದರೆ ಮುಂದಿನ ಚಕ್ರದ ಹಿಂದೆ ಆಕ್ಸಲ್ ಜಾಯಿಂಟಿಗೆ ಹಾಕಿರುವ ಮುಚ್ಚಳ, ಅಂದರೆ ರಬ್ಬರ್ ಬೂಟಿನ ಸುದ್ದಿ ಯಾರೂ ಎತ್ತುವುದಿಲ್ಲ. ಕುಮಟಾದಲ್ಲಿ ಗ್ಯಾರೇಜು ಇಟ್ಟಿರುವ ನನಗೆ ಮಳೆ ಮುಗಿದ ಮೇಲೆ ಅದರದ್ದೇ ಕೆಲಸ ಜಾಸ್ತಿ.

ಆಲ್ಟೊ, ಸ್ವಿಫ್ಟ್‌ನಂಥ ಕಾರುಗಳು ಓಡುವುದು ಮುಂದಿನ ಚಕ್ರದ ಬಲದಿಂದ. ಗೇರ್‌ಬಾಕ್ಸ್‌ನಿಂದ ಎಡಕ್ಕೊಂದು, ಬಲಕ್ಕೊಂದು ಆಕ್ಸಲ್, ಅಂದರೆ ಚಕ್ರ ತಿರುಗಿಸುವ ದಂಡ ಇರುತ್ತದೆ. ಅದರ ಎರಡೂ ತುದಿಗೆ ಸಿವಿ ಜಾಯಿಂಟ್ ಎಂಬ ಬಾಗುವ ಕೀಲು. ಚಕ್ರ ಹೊಂಡಕ್ಕೆ ಇಳಿದರೂ, ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಚಕ್ರ ಜರ್ಕ್ ಇಲ್ಲದೆ ತಿರುಗುವುದು ಇದರಿಂದ. ಚಕ್ರದ ಕಡೆಯ ಜಾಯಿಂಟಿನೊಳಗೆ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳು, ಸುತ್ತ ಕಪ್ಪು ಗ್ರೀಸು. ಆ ಗ್ರೀಸನ್ನು ಹಿಡಿದಿಡುವುದೇ ಬೂಟು. ಓಮ್ನಿ ಇದ್ದವರಿಗೆ ಈ ತಲೆಬಿಸಿ ಇಲ್ಲ, ಅದು ಹಿಂದಿನ ಚಕ್ರದ ಬಲದಿಂದ ಓಡುವ ಗಾಡಿ.

ಬೂಟು ಹರಿದರೆ ಗ್ರೀಸು ಸಿಡಿದು ಹೊರಗೆ ಹೋಗುತ್ತದೆ. ಚಕ್ರದ ಒಳಮೈಗೆ ಕಪ್ಪಗೆ ಮೆತ್ತಿಕೊಂಡಿರುತ್ತದೆ. ಅಷ್ಟರಲ್ಲೇ ನೋಡಿದರೆ ಜಾಯಿಂಟ್ ತೊಳೆದು, ಹೊಸ ಗ್ರೀಸು ತುಂಬಿ, ಬೂಟು ಬದಲಿಸಿದರೆ ಸಾಕು. ನೋಡದೆ ಶಿರಸಿ ಕಡೆಯ ತೋಟದ ದಾರಿಗಳಲ್ಲಿ ಇಡೀ ಮಳೆಗಾಲ ಓಡಿಸಿದರೆ ಕೆಂಪು ಕೆಸರು ಒಳಗೆ ಸೇರಿ ಗುಂಡುಗಳನ್ನು ಸವೆಸುತ್ತದೆ. ಆಮೇಲೆ ಬೂಟು ಹಾಕಿ ಏನು ಪ್ರಯೋಜನ?

ಪರೀಕ್ಷೆ ಸುಲಭ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿ. ಟಕ ಟಕ ಎಂದರೆ ಚಕ್ರದ ಕಡೆಯ ಜಾಯಿಂಟ್ ಸವೆದಿರುವ ಸಾಧ್ಯತೆ ಹೆಚ್ಚು. ಏರಿನಲ್ಲಿ ಎಕ್ಸಲೇಟರ್ ಒತ್ತಿದಾಗ ಗಾಡಿ ನಡುಗಿದರೆ ಗೇರ್‌ಬಾಕ್ಸ್ ಕಡೆಯದನ್ನೂ ನೋಡಿಸಿ.

ನನಗೆ ಸಿಟ್ಟು ಬರುವುದು ನಮ್ಮ ಕಸುಬಿನವರ ಮೇಲೆ. ಸದ್ದೇ ಇಲ್ಲದ ಗಾಡಿಗೆ, ಬೂಟು ಹರಿದಿದ್ದಕ್ಕೆ ಪೂರ್ತಿ ಆಕ್ಸಲ್ ಹಾಕಿದ ಬಿಲ್ಲು ಹಿಡಿದು ಮೊನ್ನೆ ಒಬ್ಬರು ಬಂದಿದ್ದರು. ಹಳೆಯ ಆಕ್ಸಲ್ ವಾಪಸ್ ಕೊಟ್ಟಿರಲಿಲ್ಲ. ಕೇಳಿ ಪಡೆಯಿರಿ, ಅದು ನಿಮ್ಮದೇ ಸಾಮಾನು ಅಲ್ವಾ?

ಆಕ್ಸಲ್ ಬದಲಿಸುವಾಗಲೂ ಅವಸರ ಜಾಸ್ತಿ. ಕರಾವಳಿಯ ಉಪ್ಪುಗಾಳಿಗೆ ಆಕ್ಸಲ್ ತುದಿ ಚಕ್ರದ ನಡುವಿನ ಹಬ್‌ನಲ್ಲಿ ತುಕ್ಕು ಹಿಡಿದು ಕೂತಿರುತ್ತದೆ. ಏನನ್ನೂ ಅಡ್ಡ ಇಡದೆ ತುದಿಗೆ ನೇರ ಸುತ್ತಿಗೆಯಲ್ಲಿ ಹೊಡೆದರೆ ಥ್ರೆಡ್ ಹಾಳು. ಹಬ್‌ನ ದೊಡ್ಡ ನಟ್ಟನ್ನು ಹೊಸದೇ ಹಾಕಿ, ಕಂಪನಿ ಹೇಳಿದ ಬಿಗಿತಕ್ಕೆ, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಅಂದಾಜಿನ ಮೇಲೆ ಬಿಗಿದರೆ ಬೇರಿಂಗ್ ಕೆಡಬಹುದು. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಜಾಯಿಂಟಿನ ಮೇಲೆ, ಚಕ್ರದ ವೇಗ ತಿಳಿಯಲು ಹಲ್ಲಿನ ರಿಂಗ್ ಇರುತ್ತದೆ. ಹೊಸದರಲ್ಲೂ ಅದು ಇರಬೇಕು.

ಇನ್ನೊಂದು ಮಾತು. ಆಕ್ಸಲ್ ಎಳೆದಾಗ ಅನೇಕ ಕಾರುಗಳಲ್ಲಿ ಗೇರ್ ಆಯಿಲ್ ಹೊರಗೆ ಸುರಿಯುತ್ತದೆ. ಮತ್ತೆ ತುಂಬಿದ್ದಾರೋ ಇಲ್ಲವೋ, ದೇವಿಮನೆ ಘಟ್ಟ ಹತ್ತುವ ಮೊದಲೇ ವಿಚಾರಿಸಿಕೊಳ್ಳಿ.

— ಗ್ಯಾರೇಜು ಮಾಲೀಕ, ಕುಮಟಾ